ದಾನಿಯ ಹೃದಯಕ್ಕೆ ಯಾವ ದ್ರಾವಣ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ತಂಡಗಳಿಗೆ ಹೋಲಿಕೆಯ ಕೈಪಿಡಿ

ದಾನಿಯ ಮಹಾಪಧಮನಿಗೆ ಕ್ಲ್ಯಾಂಪ್ ಬಿದ್ದ ಕ್ಷಣದಿಂದ, ಪಡೆಯುವವರ ಎದೆಯಲ್ಲಿ ಅದೇ ಹೃದಯಕ್ಕೆ ಮತ್ತೆ ರಕ್ತ ಹರಿಯುವವರೆಗೆ ಸುರಕ್ಷಿತವೆಂದು ಎಣಿಸುವ ಅವಧಿ ಸುಮಾರು 4 ತಾಸು. ಅಷ್ಟು ಹೊತ್ತು ಆ ಹೃದಯಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಅದನ್ನು ಕಾಯುವುದು ಎರಡೇ: ತಂಪು, ಮತ್ತು ಬಡಿತ ನಿಲ್ಲಿಸಿ ಕೆಡದಂತೆ ಕಾಪಾಡಲು ಹೃದಯದೊಳಗೆ ಹರಿಸುವ ದ್ರಾವಣ. ಮಾರುಕಟ್ಟೆಯಲ್ಲಿರುವ ದ್ರಾವಣಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ನಾಲ್ಕು ದಶಕದಿಂದ ನಡೆದಿದೆ. ಆದರೆ ಹಾದಿಯ ಲೆಕ್ಕ, ಉಷ್ಣಾಂಶ ಮತ್ತು ಹರಿಸುವ ಒತ್ತಡ, ಈ ಮೂರನ್ನು ಬಿಟ್ಟು ಬರೀ ಬಾಟಲಿಗಳನ್ನು ಹೋಲಿಸಿದರೆ ಆ ಹೋಲಿಕೆ ಕೆಲಸಕ್ಕೆ ಬರುವುದಿಲ್ಲ.

ಪರ್‌ಫ್ಯೂಷನಿಸ್ಟರು (ಹೃದಯ-ಶ್ವಾಸಕೋಶ ಯಂತ್ರ ನಡೆಸುವವರು), ಓಟಿ ನರ್ಸ್‌ಗಳು, ಅರಿವಳಿಕೆ ತಂತ್ರಜ್ಞರು, ಕಸಿ ಸಂಯೋಜಕರು ಮತ್ತು ಈ ವಿಷಯ ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದೆ. ಕೊನೆಯ ತೀರ್ಮಾನ ಹೃದಯ ಜೋಡಿಸುವ ಶಸ್ತ್ರಚಿಕಿತ್ಸಕರದು. ಆ ತೀರ್ಮಾನಕ್ಕೆ ಬೇಕಾದ ಲೆಕ್ಕ ಉಳಿದವರಿಗೂ ಗೊತ್ತಿರಬೇಕು, ಏಕೆಂದರೆ ಚೀಲ ತೂಗುಹಾಕುವ ಕೈ ಅವರದು.

ಮೊದಲು ಹಾದಿಯ ಲೆಕ್ಕ

ದ್ರಾವಣದ ಹೆಸರು ಎತ್ತುವ ಮುಂಚೆ ಒಂದು ಹಾಳೆಯ ಮೇಲೆ ನಿಮಿಷಗಳನ್ನು ಬರೆಯಿರಿ. ದ್ರಾವಣ ಹರಿಸಲು 6ರಿಂದ 8 ನಿಮಿಷ. ಹೃದಯ ಬಿಡಿಸಿ, ಕವಾಟಗಳನ್ನು ನೋಡಲು 10ರಿಂದ 15. ಚೀಲಗಳಲ್ಲಿ ಕಟ್ಟಿ ಆ್ಯಂಬುಲೆನ್ಸ್ ತಲುಪಿಸಲು ಇನ್ನೊಂದು 15. ಅಂದರೆ ಗಾಡಿ ಹೊರಡುವಷ್ಟರಲ್ಲೇ 30ರಿಂದ 40 ನಿಮಿಷ ಹೋಗಿರುತ್ತದೆ. ಆ ಕಡೆ ಓಟಿಯಲ್ಲಿ ಅಂಚು ಸರಿಪಡಿಸಿ ಜೋಡಿಸಿ ಕ್ಲ್ಯಾಂಪ್ ಬಿಡಿಸಲು 60 ನಿಮಿಷ ಇಟ್ಟುಕೊಳ್ಳಿ. 240ರಲ್ಲಿ 100 ಕಳೆದರೆ ಪ್ರಯಾಣಕ್ಕೆ ಉಳಿಯುವುದು 140 ನಿಮಿಷ. ಪಡೆಯುವವರಿಗೆ ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಎದೆಯೊಳಗಿನ ಅಂಟು ಬಿಡಿಸಲು ಹೊತ್ತು ಹಿಡಿಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಅವರ ಓಟಿ ಮುಂಚೆಯೇ ಶುರುವಾಗಬೇಕು.

ಈಗ ನಕಾಶೆ ನೋಡಿ. ಧಾರವಾಡದಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಸುಮಾರು 80 ಕಿ.ಮೀ. ಝೀರೋ ಟ್ರಾಫಿಕ್ ಸಿಕ್ಕರೆ ತಾಸಿನ ಆಸುಪಾಸು, ಚಿಂತೆಯಿಲ್ಲ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ 140 ಕಿ.ಮೀ. ದಾಟುತ್ತದೆ. ಝೀರೋ ಟ್ರಾಫಿಕ್ ಇದ್ದರೆ ಮಾತ್ರ 140 ನಿಮಿಷದೊಳಗೆ ಕೂರುತ್ತದೆ, ಅದೂ ಅಂಚಿನಲ್ಲಿ. ವಿಜಯಪುರದಿಂದ 200 ಕಿ.ಮೀ.ಗೂ ಹೆಚ್ಚು. ರಸ್ತೆ ಮಾರ್ಗವೊಂದನ್ನೇ ನಂಬಿದರೆ ಒಟ್ಟು ಹೊತ್ತು 4 ತಾಸು ಮೀರುವುದು ಹೆಚ್ಚುಕಡಿಮೆ ಖಚಿತ, ಹಾಗಾಗಿ ಹೆಲಿಕಾಪ್ಟರ್ ಮಾತು ಮೊದಲೇ ಆಗಬೇಕು. ಬೆಳಗಾವಿಯ ಹೃದಯ ಬೆಂಗಳೂರಿಗೆ ಹಂಚಿಕೆಯಾದರೆ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಾಟದ ಹೊತ್ತಿನ ಜತೆ ಎರಡೂ ತುದಿಯ ರಸ್ತೆ, ವಿಮಾನ ಏರಿ ಇಳಿಯುವ ನಿಮಿಷ, ಎಲ್ಲವನ್ನೂ ಕೂಡಿಸಿ.

ಕಾಲಮಾನವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಧೋಳ, ಜಮಖಂಡಿ ಕಡೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು ರಾತ್ರಿಯೂ ರಸ್ತೆಯಲ್ಲಿರುತ್ತವೆ. ಝೀರೋ ಟ್ರಾಫಿಕ್ ಕೇಳುವಾಗ ಪೊಲೀಸರಿಗೆ ಇದನ್ನು ಬಿಡಿಸಿ ಹೇಳಿ, ಕಾರ್ಖಾನೆ ಹಾದಿಯ ಕೂಡುರಸ್ತೆಗಳ ಪಟ್ಟಿ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇರುವಾಗ ಐಸ್ ಎಷ್ಟು ತಾಳುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಯಾವ ದ್ರಾವಣವೂ ತಪ್ಪಿದ ಹಾದಿಯ ಲೆಕ್ಕವನ್ನು ಸರಿ ಮಾಡಿಕೊಡುವುದಿಲ್ಲ.

ಲೇಬಲ್ ಓದುವ ಬಗೆ

ಉಷ್ಣಾಂಶ 10 ಡಿಗ್ರಿ ಇಳಿದಂತೆಲ್ಲ ಜೀವಕೋಶದ ಖರ್ಚು ಸುಮಾರು ಅರ್ಧದಷ್ಟಾಗುತ್ತದೆ. 4 ಡಿಗ್ರಿಯಲ್ಲಿ ಹತ್ತರಲ್ಲೊಂದು ಪಾಲು ಉಳಿದಿರುತ್ತದೆ, ಸೊನ್ನೆಯಾಗುವುದಿಲ್ಲ. ತಂಪಿನಲ್ಲಿ ಕೋಶಗೋಡೆಯ ಸೋಡಿಯಂ-ಪೊಟ್ಯಾಶಿಯಂ ಪಂಪ್ ಕೂಡ ಸುಸ್ತಾಗುತ್ತದೆ. ಹೊರಗಿನ ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಊದಿಕೊಳ್ಳುತ್ತದೆ. ಇತ್ತ ಆಮ್ಲಜನಕವಿಲ್ಲದೆ ಆಮ್ಲ ಕೂಡುತ್ತದೆ. ರಕ್ತ ಮರಳಿ ಹರಿದಾಗ ಏಕಾಏಕಿ ಕ್ಯಾಲ್ಸಿಯಂ ಮತ್ತು ಆಮ್ಲಜನಕದ ಮುಕ್ತ ಕಣಗಳು ಹೊಡೆತ ಕೊಡುತ್ತವೆ.

ಹಾಗಾಗಿ ಲೇಬಲ್‌ನಲ್ಲಿ ಐದು ಸಂಗತಿ ಹುಡುಕಿ. ಪೊಟ್ಯಾಶಿಯಂ ಎಷ್ಟು, ಸೋಡಿಯಂ ಎಷ್ಟು, ಆಮ್ಲ ತಡೆಯುವ ಬಫರ್ ಯಾವುದು, ನೀರನ್ನು ಹೊರಗೇ ಹಿಡಿದಿಡುವ ದೊಡ್ಡ ಅಣು ಯಾವುದು, ಮುಕ್ತ ಕಣಗಳನ್ನು ತಡೆಯುವ ವಸ್ತು ಇದೆಯೇ. ಇಲ್ಲಿ ಮುಂದೆ ಬರುವ ಅಂಕಿಗಳೆಲ್ಲ ಒಂದು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿವೆ.

ಯುಡಬ್ಲ್ಯು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸದರ್ಡ್ 1980ರ ದಶಕದಲ್ಲಿ ರೂಪಿಸಿದ್ದು. ಪೊಟ್ಯಾಶಿಯಂ ಸುಮಾರು 125, ಸೋಡಿಯಂ 30ರ ಸಮೀಪ. ಅಂದರೆ ಕೋಶದ ಒಳಗಿನ ಪ್ರಮಾಣವನ್ನೇ ಹೊರಗೂ ಇಟ್ಟು ಸೋಡಿಯಂ ಒಳಹೋಗುವ ಕಾರಣವನ್ನೇ ತೆಗೆದುಹಾಕುವ ಉಪಾಯ. ಲ್ಯಾಕ್ಟೋಬಯೋನೇಟ್ 100, ರಾಫಿನೋಸ್ 30, ಜತೆಗೆ ಲೀಟರಿಗೆ 50 ಗ್ರಾಂ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್. ಊತ ತಡೆಯುವಲ್ಲಿ ಇದಕ್ಕೆ ಸರಿಸಾಟಿ ಕಡಿಮೆ. ಅಡಿನೋಸಿನ್ 5, ಗ್ಲುಟಾಥಯೋನ್ 3, ಅಲೋಪ್ಯುರಿನಾಲ್ 1 ಕೂಡ ಇವೆ. ತೊಂದರೆ ಮೂರು ಕಡೆ. ಸ್ಟಾರ್ಚ್‌ನಿಂದ ದ್ರಾವಣ ದಪ್ಪ, ತಂಪಾದಷ್ಟೂ ನಿಧಾನ ಹರಿಯುತ್ತದೆ. ಅದೇ ಸ್ಟಾರ್ಚ್ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುವುದರಿಂದ ಕೊರೊನರಿಗಳಲ್ಲಿ (ಹೃದಯದ ಗೋಡೆಗೇ ರಕ್ತ ಒಯ್ಯುವ ನಾಳಗಳಲ್ಲಿ) ರಕ್ತ ಉಳಿಯುವಂತಿಲ್ಲ. ಇನ್ನು ಇಷ್ಟು ಪೊಟ್ಯಾಶಿಯಂ ರಕ್ತನಾಳದ ಒಳಪದರಕ್ಕೆ ಒಳ್ಳೆಯದಲ್ಲ ಎಂಬ ಆತಂಕ ಹಿಂದಿನಿಂದಲೂ ಇದೆ.

ಎಚ್‌ಟಿಕೆ. ಜರ್ಮನಿಯ ಬ್ರೆಟ್‌ಶ್ನೈಡರ್ ರೂಪಿಸಿದ್ದು, ಕಸ್ಟೋಡಿಯಾಲ್ ಹೆಸರಿನಲ್ಲಿ ಸಿಗುತ್ತದೆ. ಇಲ್ಲಿ ಸೋಡಿಯಂ ಬರೀ 15, ಪೊಟ್ಯಾಶಿಯಂ 9ರಿಂದ 10, ಕ್ಯಾಲ್ಸಿಯಂ 0.015. ಪೊಟ್ಯಾಶಿಯಂ ಸುರಿದು ನಿಲ್ಲಿಸುವ ಬದಲು, ಬಡಿತಕ್ಕೆ ಬೇಕಾದ ಸೋಡಿಯಂ, ಕ್ಯಾಲ್ಸಿಯಂಗಳನ್ನೇ ಹಿಂತೆಗೆದು ಹೃದಯವನ್ನು ನಿಲ್ಲಿಸುತ್ತದೆ. ಇದರ ಬಲ ಹಿಸ್ಟಿಡಿನ್ ಬಫರ್, ಹೆಚ್ಚುಕಡಿಮೆ 200. ಟ್ರಿಪ್ಟೊಫಾನ್ 2, ಕೀಟೋಗ್ಲುಟರೇಟ್ 1, ಮ್ಯಾನಿಟಾಲ್ 30. ನೀರಿನಂತೆ ತೆಳು, ಆದ್ದರಿಂದ ಬೇಗ ಹರಿದು ಬೇಗ ತಣಿಸುತ್ತದೆ. ಆದರೆ ಹಿಸ್ಟಿಡಿನ್ ಕೋಶಗಳ ನಡುವಿನ ಜಾಗಕ್ಕೆಲ್ಲ ಹಬ್ಬಬೇಕಾದರೆ ಹೆಚ್ಚು ಪ್ರಮಾಣ, ಹೆಚ್ಚು ಹೊತ್ತು ಬೇಕು. ಲೀಟರ್ ಕಡಿಮೆ ಮಾಡಿ ಉಳಿಸಿದರೆ ಹೃದಯ ನಿಂತಿರುತ್ತದೆ, ರಕ್ಷಣೆ ಮಾತ್ರ ಅರ್ಧ ಸಿಕ್ಕಿರುತ್ತದೆ. ಈ ದ್ರಾವಣದಲ್ಲಿ ಆಗುವ ಮುಖ್ಯ ತಪ್ಪೇ ಇದು.

ಸೆಲ್ಸಿಯರ್. 1990ರ ದಶಕದಲ್ಲಿ ಫ್ರಾನ್ಸಿನ ಮೆನಾಶೆ ತಂಡ ಹೃದಯಕ್ಕಾಗಿಯೇ ರೂಪಿಸಿತು. ಸೋಡಿಯಂ 100, ಪೊಟ್ಯಾಶಿಯಂ 15, ಮೆಗ್ನೀಶಿಯಂ 13, ಲ್ಯಾಕ್ಟೋಬಯೋನೇಟ್ 80, ಮ್ಯಾನಿಟಾಲ್ 60, ಹಿಸ್ಟಿಡಿನ್ 30, ಗ್ಲುಟಮೇಟ್ 20, ಗ್ಲುಟಾಥಯೋನ್ 3. ಯುಡಬ್ಲ್ಯುವಿನ ಊತ ತಡೆಯುವ ಗುಣ, ಎಚ್‌ಟಿಕೆಯ ಬಫರ್, ಎರಡನ್ನೂ ಕೂಡಿಸಿ ಪೊಟ್ಯಾಶಿಯಂ ಇಳಿಸಿದ ರೂಪ. ಸ್ಟಾರ್ಚ್ ಇಲ್ಲ, ಹಾಗಾಗಿ ತೆಳು. ಒಂದೇ ದ್ರಾವಣದಲ್ಲಿ ನಿಲ್ಲಿಸಿ, ಅದರಲ್ಲೇ ಸಾಗಿಸಿ, ಜೋಡಿಸುವಾಗಲೂ ಅದನ್ನೇ ಕೊಡಬಹುದು ಎಂಬುದು ಇದರ ಮೂಲ ಆಲೋಚನೆ.

ಸೇಂಟ್ ಥಾಮಸ್. ಲಂಡನ್ನಿನಲ್ಲಿ ಹುಟ್ಟಿದ್ದು, ನಿತ್ಯದ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ನಮ್ಮ ಓಟಿಗಳಿಗೆ ಚಿರಪರಿಚಿತ. ಪೊಟ್ಯಾಶಿಯಂ 16, ಮೆಗ್ನೀಶಿಯಂ 16, ಸೋಡಿಯಂ ರಕ್ತಕ್ಕೆ ಹತ್ತಿರ. ಅಗ್ಗ, ಸುಲಭವಾಗಿ ಸಿಗುತ್ತದೆ, ಹೃದಯವನ್ನು ಚುರುಕಾಗಿ ನಿಲ್ಲಿಸುತ್ತದೆ. ಊತ ತಡೆಯುವ ದೊಡ್ಡ ಅಣು ಇದರಲ್ಲಿಲ್ಲ, ಬಫರ್ ದುರ್ಬಲ. ಆದ್ದರಿಂದ ಕೆಲವು ಕೇಂದ್ರಗಳು ಇದರಿಂದ ನಿಲ್ಲಿಸಿ, ಆಮೇಲೆ ಯುಡಬ್ಲ್ಯು ಹರಿಸಿ ಅದರಲ್ಲೇ ಸಾಗಿಸುತ್ತವೆ. 20 ಮಿ.ಲೀ. ಆಂಪ್ಯೂಲ್ ರೂಪದ ಸಾರವನ್ನು ಒಂದು ಲೀಟರ್ ರಿಂಗರ್ ದ್ರಾವಣಕ್ಕೆ ಬೆರೆಸುವ ಕಡೆ ದೊಡ್ಡ ಎಚ್ಚರಿಕೆ ಬೇಕು. ತೂಗುಹಾಕಿದ ಚೀಲಕ್ಕೆ ಸಾರ ಚುಚ್ಚಿದರೆ ಪೊಟ್ಯಾಶಿಯಂ ಕೆಳಗಿನ ಮೂತಿಯಲ್ಲೇ ಕೂಡಿ, ಮೊದಲ ಗುಟುಕಿನಲ್ಲೇ ಗಟ್ಟಿ ಪೊಟ್ಯಾಶಿಯಂ ಕೊರೊನರಿಗೆ ಹೋಗುತ್ತದೆ. ಚೀಲವನ್ನು ಕೆಳಗಿಳಿಸಿ, ಸಾರ ಹಾಕಿ, ಹತ್ತಾರು ಸಲ ಮೇಲೆ ಕೆಳಗೆ ತಿರುವಿ, ಆಮೇಲೆ ತೂಗುಹಾಕಿ.

ಹಾಗಾದರೆ ಯಾವುದು?

ಅಮೆರಿಕದ ರಾಷ್ಟ್ರೀಯ ಕಸಿ ನೋಂದಣಿಯ ಅಂಕಿಗಳನ್ನಿಟ್ಟು ಮಾಡಿದ ಹೋಲಿಕೆಗಳು ಒಂದೇ ಉತ್ತರ ಕೊಟ್ಟಿಲ್ಲ. ಕೆಲವು ವಿಶ್ಲೇಷಣೆಗಳಲ್ಲಿ ಯುಡಬ್ಲ್ಯು ತುಸು ಮುಂದೆ, ಇನ್ನು ಕೆಲವದರಲ್ಲಿ ವ್ಯತ್ಯಾಸವಿಲ್ಲ. ಇವನ್ನು ಓದುವಾಗ ನೆನಪಿಡಬೇಕಾದದ್ದು: ಒಂದು ಆಸ್ಪತ್ರೆ ಸಾಮಾನ್ಯವಾಗಿ ಒಂದೇ ದ್ರಾವಣ ಬಳಸುತ್ತದೆ. ಆದ್ದರಿಂದ ಎರಡು ದ್ರಾವಣಗಳನ್ನು ಹೋಲಿಸಿದಂತೆ ಕಂಡರೂ ನಿಜದಲ್ಲಿ ಎರಡು ಗುಂಪಿನ ಆಸ್ಪತ್ರೆಗಳ ಹೋಲಿಕೆಯೂ ಅದರೊಳಗೆ ಸೇರಿರುತ್ತದೆ.

ನಮ್ಮ ಅಭಿಪ್ರಾಯ ಹೀಗಿದೆ. ಒಟ್ಟು ಅವಧಿ 3 ತಾಸಿನೊಳಗಿದ್ದರೆ, ತಂಡಕ್ಕೆ ಕೈ ಪಳಗಿದ ದ್ರಾವಣವೇ ಸರಿ. ಬಾಗಲಕೋಟೆಯಂಥ ಅಂಚಿನ ಹಾದಿಗೆ ಯುಡಬ್ಲ್ಯು, ಎಚ್‌ಟಿಕೆ ಅಥವಾ ಸೆಲ್ಸಿಯರ್ ಬೇಕು, ಸೇಂಟ್ ಥಾಮಸ್ ಒಂದನ್ನೇ ನಂಬಿ ಹೊರಡಬಾರದು. ಅದೇ ದಾನಿಯಿಂದ ಯಕೃತ್ತು, ಮೂತ್ರಪಿಂಡ ತೆಗೆಯುವ ತಂಡವೂ ಎಚ್‌ಟಿಕೆ ಬಳಸುತ್ತಿದ್ದರೆ ದಾಸ್ತಾನು ಒಂದೇ ಆಗುತ್ತದೆ, ಗೊಂದಲ ಕಡಿಮೆ. ಆದರೆ ಸಾಗಣೆಯ ರಾತ್ರಿಯಂದು ಮೊದಲ ಬಾರಿಗೆ ಹೊಸ ದ್ರಾವಣ ಪ್ರಯೋಗಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಕರೆ ಬರುವ ಮುಂಚೆ

ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ತಾಸಿನ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಸಾವನ್ನು ಘೋಷಿಸಬೇಕು, ಮನೆಯವರ ಒಪ್ಪಿಗೆ ಬೇಕು, ಹಂಚಿಕೆ ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆಯಾದ ಜೀವಸಾರ್ಥಕತೆಯ ಮೂಲಕವೇ ಆಗಬೇಕು. ಕಸಿ ತಂಡದ ಯಾರೂ ಆ ಮಂಡಳಿಯಲ್ಲಿ ಇರುವಂತಿಲ್ಲ. ದ್ರಾವಣದ ಸಿದ್ಧತೆ ಯಾವೊಬ್ಬ ದಾನಿಯ ಸುದ್ದಿಗೂ ಕಾಯದೆ ವರ್ಷವಿಡೀ ಇರಬೇಕಾದದ್ದು.

- ಫ್ರಿಡ್ಜ್ 2ರಿಂದ 8 ಡಿಗ್ರಿಯಲ್ಲಿರಲಿ, ಉಷ್ಣಾಂಶ ದಾಖಲೆ ದಿನಾ ಆಗಲಿ. ಕೋಣೆಯ ಶಾಖದಲ್ಲಿದ್ದ ಲೀಟರ್ ಚೀಲ ಒಂದು ತಾಸಿನಲ್ಲಿ ಒಳಗಿನವರೆಗೆ ತಣಿಯುವುದಿಲ್ಲ. ಫ್ರೀಜರ್‌ಗೆ ಹಾಕಿ ಅವಸರ ಮಾಡಬೇಡಿ, ಹೆಪ್ಪುಗಟ್ಟಿದ ದ್ರಾವಣ ಎಸೆಯುವುದಕ್ಕೇ ಲಾಯಕ್ಕು.
- 60 ಕೆಜಿ ದಾನಿಯ ಹೃದಯದ ತೂಕ ದೇಹದ ಶೇ 0.5ರಂತೆ ಸುಮಾರು 300 ಗ್ರಾಂ. ಎಚ್‌ಟಿಕೆಗೆ ಗ್ರಾಂಗೆ ನಿಮಿಷಕ್ಕೆ 1 ಮಿ.ಲೀ., 8 ನಿಮಿಷ: 2,400 ಮಿ.ಲೀ. ಸಾಗಣೆಯ ಚೀಲಕ್ಕೆ ಇನ್ನೊಂದು ಲೀಟರ್, ಸೋರಿದರೆ ಎಂದು ಮತ್ತೊಂದು. ಐದು ಲೀಟರ್ ಇಲ್ಲದೆ ಹೊರಡಬೇಡಿ. ಯುಡಬ್ಲ್ಯು ವಯಸ್ಕರಿಗೆ ಹರಿಸಲು ಸಾಮಾನ್ಯವಾಗಿ 1ರಿಂದ 1.5 ಲೀಟರ್, ಸಾಗಣೆ ಮತ್ತು ಕಾಯ್ದಿರಿಸಿದ್ದು ಬೇರೆ.
- ಅವಧಿ ಮುಗಿಯುವ ದಿನ, ತೇಲುವ ಕಣ, ಬಣ್ಣ ಬದಲಾವಣೆ, ಚೀಲದ ಸೋರಿಕೆ ನೋಡಿ. ಉತ್ಪಾದಕರು ಫಿಲ್ಟರ್ ಹೇಳಿದ್ದರೆ ಅದನ್ನು ಬಿಡಬೇಡಿ.
- ಬ್ಯಾಚ್ ಸಂಖ್ಯೆ ಬರೆದಿಡಿ. 2012ರಲ್ಲಿ ಉತ್ಪಾದನೆಯ ಹಂತದಲ್ಲಿ ಸೂಕ್ಷ್ಮಜೀವಿ ಸೇರಿರಬಹುದೆಂಬ ಶಂಕೆಯಿಂದ ಯುಡಬ್ಲ್ಯು ಮಾದರಿಯ ಒಂದು ದ್ರಾವಣವನ್ನು ಯುರೋಪಿನಲ್ಲಿ ಹಿಂಪಡೆಯಲಾಯಿತು. ಸಂಖ್ಯೆ ಬರೆದಿಟ್ಟಿದ್ದರೆ ಮಾತ್ರ ಯಾವ ರೋಗಿಗೆ ಯಾವ ಚೀಲ ಹೋಗಿದೆ ಎಂದು ಹುಡುಕಲು ಸಾಧ್ಯ.

ಹರಿಸುವಾಗ

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೆಜಿಗೆ 300 ಯೂನಿಟ್, ಕ್ಲ್ಯಾಂಪ್‌ಗೆ ಕೆಲವು ನಿಮಿಷ ಮುಂಚೆ. ಏರುವ ಮಹಾಪಧಮನಿಯಲ್ಲಿ ದ್ರಾವಣ ಹರಿಸುವ ಕಾರ್ಡಿಯೋಪ್ಲೀಜಿಯಾ ಸೂಜಿ, ಪೈಪಿನಲ್ಲಿ ಗಾಳಿಯ ಒಂದು ಗುಳ್ಳೆಯೂ ಇರಬಾರದು. ಗುಳ್ಳೆ ಮೊದಲು ಸೇರುವುದು ಬಲ ಕೊರೊನರಿಗೆ, ಅದು ಮೇಲ್ಮುಖವಾಗಿದೆ.

ಕ್ಲ್ಯಾಂಪ್ ಹಾಕುವ ಮೊದಲು ಎರಡೂ ಬದಿ ಖಾಲಿಯಾಗಬೇಕು. ಕೆಳಮಹಾಸಿರೆಯನ್ನು ಹೃದಯದ ಹತ್ತಿರ ಅಗಲವಾಗಿ ಕತ್ತರಿಸಿ, ಎಡ ಬದಿಗೆ ಎಡ ಹೃತ್ಕರ್ಣದ ಕಿವಿ ಅಥವಾ ಬಲ ಮೇಲ್ಪುಪ್ಫುಸ ಸಿರೆ ತೆರೆಯಿರಿ. ಇಲ್ಲಿ ಜಿಪುಣತನ ಮಾಡಿದರೆ ಹೊಟ್ಟೆಯ ತಂಡ ಹರಿಸಿದ ದ್ರಾವಣದ ಜತೆ ಬೆಚ್ಚಗಿನ ರಕ್ತ ಮೇಲೇರಿ ಬಲ ಹೃತ್ಕುಕ್ಷಿಯನ್ನು ಉಬ್ಬಿಸುತ್ತದೆ. ಬಲ ಹೃತ್ಕುಕ್ಷಿಯ ಗೋಡೆ ತೆಳು. ಕಸಿಯ ನಂತರ ಕೈಕೊಡುವುದರಲ್ಲಿ ಅದರ ಪಾಲು ದೊಡ್ಡದು.

ಎಚ್‌ಟಿಕೆಯನ್ನು 5ರಿಂದ 8 ಡಿಗ್ರಿಯಲ್ಲಿ, ಮೊದಲು ಹೃದಯಕ್ಕಿಂತ 140 ಸೆಂ.ಮೀ. ಎತ್ತರದಿಂದ ಬಿಡಿ. ಅದು ಸುಮಾರು 100 ಮಿ.ಮೀ. ಪಾದರಸದ ಒತ್ತಡ. ಹೃದಯ ನಿಂತ ಮೇಲೆ 50ರಿಂದ 70 ಸೆಂ.ಮೀ.ಗೆ ಇಳಿಸಿ. ಒಟ್ಟು 6ರಿಂದ 8 ನಿಮಿಷ, ಗಡಿಯಾರ ನೋಡಿ ಒಬ್ಬರು ಗಟ್ಟಿಯಾಗಿ ಹೇಳುತ್ತಿರಲಿ. ಯುಡಬ್ಲ್ಯು ದಪ್ಪವಾದ್ದರಿಂದ ಪ್ರೆಷರ್ ಬ್ಯಾಗ್ ಬೇಕಾಗುತ್ತದೆ. ಆಗ ಬ್ಯಾಗಿನ ಮೀಟರ್ ನಂಬಬೇಡಿ, ಮಹಾಪಧಮನಿಯ ಬುಡದ ಒತ್ತಡವನ್ನೇ ಅಳೆಯಿರಿ. 60ರಿಂದ 80 ಮಿ.ಮೀ. ಪಾದರಸದಲ್ಲಿ ಹಿಡಿದಿಟ್ಟರೆ ಸಾಕು. ಹೆಚ್ಚಿನ ಒತ್ತಡ ಕೊರೊನರಿಯ ಒಳಪದರ ಕೆಡಿಸಿ ಊತ ತರುತ್ತದೆ, ಕಡಿಮೆಯಾದರೆ ಒಳಗೋಡೆಗೆ ದ್ರಾವಣ ಮುಟ್ಟುವುದಿಲ್ಲ.

ದ್ರಾವಣ ಹೋಗುತ್ತಿದ್ದರೂ ಮಹಾಪಧಮನಿಯ ಬುಡ ಮೆತ್ತಗಿದ್ದು ಎಡ ಹೃತ್ಕುಕ್ಷಿ ಗಟ್ಟಿಯಾಗುತ್ತಿದ್ದರೆ, ಕವಾಟ ಸೋರಿ ಒಳಗೆ ತುಂಬುತ್ತಿದೆ ಎಂದರ್ಥ. ಕೂಡಲೇ ಹಿಂಡಿ ಖಾಲಿ ಮಾಡಿ, ಎಡ ಬದಿಯ ದಾರಿ ಹಿಗ್ಗಿಸಿ, ಸೂಜಿಯ ತುದಿ ಎಲ್ಲಿದೆ ನೋಡಿ. ಇನ್ನೊಂದು ಅಪಾಯ ಸ್ಟ್ಯಾಂಡಿನದು. ಹೃದಯ, ಶ್ವಾಸಕೋಶ, ಹೊಟ್ಟೆ, ಮೂರು ತಂಡಗಳ ಚೀಲಗಳು ಒಂದೇ ಕಡೆ ತೂಗಿದರೆ ಪೈಪ್ ಅದಲುಬದಲಾಗುವುದು ಸುಲಭ. ಪ್ರತಿ ಪೈಪಿನ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿ, ಕ್ಲ್ಯಾಂಪ್‌ಗೆ ಮೊದಲು ಇಬ್ಬರು ಓದಿ ಹೇಳಲಿ.

ಕಟ್ಟುವಾಗ

ಮೊದಲ ಚೀಲದಲ್ಲಿ ಅದೇ ದ್ರಾವಣ ಸುಮಾರು ಒಂದು ಲೀಟರ್, ಹೃದಯ ಪೂರ್ತಿ ಮುಳುಗಬೇಕು, ಗಾಳಿ ತೆಗೆದು ಬಿಗಿಯಾಗಿ ಕಟ್ಟಬೇಕು. ಎರಡನೆಯದರಲ್ಲಿ ತಂಪು ಸಲೈನ್. ಮೂರನೆಯದು ಹೊರಹೊದಿಕೆ. ಆಮೇಲೆ ಗಟ್ಟಿ ಡಬ್ಬಿ, ಆಮೇಲೆ ಐಸ್ ಬಾಕ್ಸ್. ಹೃದಯಕ್ಕೆ ಐಸ್ ನೇರ ತಾಗಿದ ಜಾಗ ಹೆಪ್ಪುಗಟ್ಟಿ ಸಾಯುತ್ತದೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಅದು ನೀರು ಬಿಡಲು ಶುರುಮಾಡಿದ ಮೇಲೆ ತುಂಬಿ, ಆಗ ಸೊನ್ನೆ ಡಿಗ್ರಿಯಲ್ಲಿ ನಿಲ್ಲುತ್ತದೆ. ಡ್ರೈ ಐಸ್ ಮೈನಸ್ 78 ಡಿಗ್ರಿ, ಅದನ್ನು ಹತ್ತಿರ ಸುಳಿಯಲೂ ಬಿಡಬೇಡಿ.

ಎರಡನೆಯ ಚೀಲದಲ್ಲಿ ಉಷ್ಣಾಂಶ ದಾಖಲಿಸುವ ಸಣ್ಣ ಲಾಗರ್ ಇಡಿ. 4ರಿಂದ 8 ಡಿಗ್ರಿಯ ನಡುವೆ ಹಿಡಿಯುವುದು ಗುರಿ. ಬರೀ ಐಸ್ ಬಾಕ್ಸ್‌ನಲ್ಲಿ ಉಷ್ಣಾಂಶ 2 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ, ಅದೂ ಹಾನಿಯೇ. ಹಾಗಾಗಿಯೇ 4ರಿಂದ 8 ಡಿಗ್ರಿಯಲ್ಲಿ ನಿಲ್ಲುವ ವಿಶೇಷ ಪೆಟ್ಟಿಗೆಗಳು, 8 ಡಿಗ್ರಿಯಲ್ಲಿ ಆಮ್ಲಜನಕ ಬೆರೆಸಿದ ದ್ರಾವಣ ಹರಿಸುತ್ತಲೇ ಇರುವ ಯಂತ್ರಗಳು, ಬೆಚ್ಚಗಿನ ರಕ್ತ ಹರಿಸಿ ಹೃದಯವನ್ನು ಬಡಿಯುತ್ತಲೇ ಸಾಗಿಸುವ ಯಂತ್ರಗಳು ಬಂದಿವೆ. ವಿಜಯಪುರದಷ್ಟು ದೂರಕ್ಕೆ ನಿಜವಾದ ಉತ್ತರ ಅಲ್ಲಿದೆ, ಆದರೆ ಅವುಗಳ ವೆಚ್ಚ ಸದ್ಯಕ್ಕೆ ತೀರಾ ಭಾರ.

ತಲುಪಿದ ಮೇಲೆ

ಚೀಲ ಬಿಚ್ಚಿದ ಹೊತ್ತು ಮತ್ತು ದ್ರಾವಣದ ಉಷ್ಣಾಂಶ ಬರೆಯಿರಿ. ಯುಡಬ್ಲ್ಯು ಆಗಿದ್ದರೆ ಕ್ಲ್ಯಾಂಪ್ ಬಿಡುವ ಮುನ್ನ ಕೊರೊನರಿಗಳಿಂದ ಅದನ್ನು ತೊಳೆದು ತೆಗೆಯಲೇಬೇಕು. ಒಳಗುಳಿದ ಪೊಟ್ಯಾಶಿಯಂ, ಅಡಿನೋಸಿನ್ ಬಡಿತ ಮರಳುವುದನ್ನು ತಡೆಯುತ್ತವೆ. ಜೋಡಿಸುವಾಗ ಎಚ್‌ಟಿಕೆಯನ್ನು ಮತ್ತೆ ಕೊಟ್ಟರೆ ಅದು ಬಲ ಹೃತ್ಕರ್ಣದಿಂದ ಹೊರಬರುವಾಗ ಹೀರಿ ಚೆಲ್ಲಿ. ರೋಗಿಯ ರಕ್ತಕ್ಕೆ ಸೇರಿದರೆ ಸೋಡಿಯಂ ಸರ್ರನೆ ಇಳಿಯುತ್ತದೆ. ಇಳಿದರೂ ಗಟ್ಟಿ ಸಲೈನ್ ಕೊಟ್ಟು ಅವಸರದಲ್ಲಿ ಏರಿಸಬೇಡಿ. ದ್ರಾವಣದ ಒಟ್ಟು ಆಸ್ಮೋಲಾರಿಟಿ (ಕರಗಿದ ಕಣಗಳ ಸಾಂದ್ರತೆ) 310ರಷ್ಟಿರುವುದರಿಂದ ರಕ್ತದ ಸಾಂದ್ರತೆ ಅಷ್ಟಾಗಿ ಕುಸಿದಿರುವುದಿಲ್ಲ. ಅವಸರದ ತಿದ್ದುಪಡಿಯೇ ಮಿದುಳಿಗೆ ಅಪಾಯ.

ನಿಮ್ಮ ಕೇಂದ್ರದ ಹೋಲಿಕೆ ಹಾಳೆ

ದ್ರಾವಣ ಬದಲಿಸಬೇಕೆ ಎಂಬ ಪ್ರಶ್ನೆಗೆ ನಿಮ್ಮದೇ ದಾಖಲೆ ಉತ್ತರ ಕೊಡಬೇಕು. ಪ್ರತಿ ಹೃದಯಕ್ಕೂ ಒಂದು ಹಾಳೆ: ದಾನಿಯ ವಯಸ್ಸು ಮತ್ತು ಎಡ ಹೃತ್ಕುಕ್ಷಿಯ ಗೋಡೆಯ ದಪ್ಪ, ದ್ರಾವಣ, ಬ್ಯಾಚ್, ಹರಿಸಿದ ಮಿ.ಲೀ., ಬುಡದ ಒತ್ತಡ, ಹೃದಯ ನಿಲ್ಲಲು ಹಿಡಿದ ಸೆಕೆಂಡು, ಲಾಗರ್‌ನ ಕನಿಷ್ಠ ಮತ್ತು ಗರಿಷ್ಠ, ಕ್ಲ್ಯಾಂಪ್‌ನಿಂದ ಕ್ಲ್ಯಾಂಪ್‌ವರೆಗಿನ ನಿಮಿಷ.

ಫಲಿತಾಂಶಕ್ಕೆ ಮೊದಲ 24 ತಾಸಿನ ಇನೊಟ್ರೋಪ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ) ಅಂಕ ಬರೆಯಿರಿ. ಎಲ್ಲ ಔಷಧಿಗಳನ್ನೂ ಕೆಜಿಗೆ ನಿಮಿಷಕ್ಕೆ ಮೈಕ್ರೋಗ್ರಾಂನಲ್ಲಿ ಹಿಡಿದು, ಡೋಪಮಿನ್ ಮತ್ತು ಡೊಬ್ಯುಟಮಿನ್ ಇದ್ದಷ್ಟೇ, ಮಿಲ್ರಿನೋನ್ 15 ಪಟ್ಟು, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ 100 ಪಟ್ಟು ಮಾಡಿ ಕೂಡಿಸಿ. ಡೊಬ್ಯುಟಮಿನ್ 5, ಮಿಲ್ರಿನೋನ್ 0.5, ಅಡ್ರಿನಲಿನ್ 0.05 ಇದ್ದರೆ 5, 7.5 ಮತ್ತು 5 ಸೇರಿ 17.5. ಎಡ ಹೃತ್ಕುಕ್ಷಿ ದುರ್ಬಲವಾಗಿ ಅಂಕ 10 ದಾಟಿದ್ದರೆ ಕಸಿ ಹೃದಯದ ಪ್ರಾಥಮಿಕ ವೈಫಲ್ಯದ ಸಾಧ್ಯತೆಯನ್ನು ಎಕೋ ಮತ್ತು ಒತ್ತಡಗಳ ಜತೆ ಕೂಡಿಸಿ ನೋಡಬೇಕು. ಬಲ, ಎಡ ಹೃತ್ಕುಕ್ಷಿಗಳ ಎಕೋ ಬೇರೆ ಬೇರೆ ಬರೆಯಿರಿ, ಹೃದಯಕ್ಕೆ ಆಸರೆ ಕೊಡುವ ಬಲೂನ್ ಪಂಪ್ ಅಥವಾ ಎಕ್ಮೋ ಯಂತ್ರ ಬೇಕಾಯಿತೇ ಎಂಬುದನ್ನೂ.

ನಮ್ಮ ಭಾಗದಲ್ಲಿ ಸಂಖ್ಯೆ ಕಡಿಮೆ, ಒಂದೆರಡು ಹೃದಯದ ಫಲಿತಾಂಶ ನೋಡಿ ದ್ರಾವಣವನ್ನು ಹೊಗಳುವುದೂ ತೆಗಳುವುದೂ ಸಲ್ಲದು. ಫಲಿತಾಂಶ ಕೆಟ್ಟಾಗ ಹಾಳೆಯಲ್ಲಿ ಮೊದಲು ನೋಡಬೇಕಾದ್ದು ಲಾಗರ್‌ನ ಅಂಕಿ, ಆಮೇಲೆ ಒತ್ತಡ ಮತ್ತು ಲೀಟರ್, ಆಮೇಲೆ ನಿಮಿಷ. ಇವೆಲ್ಲ ಸರಿಯಾಗಿದ್ದೂ ಅದೇ ದೋಷ ಮತ್ತೆ ಮತ್ತೆ ಕಂಡರೆ, ಆಗ ದ್ರಾವಣ ಬದಲಿಸುವ ಪ್ರಸ್ತಾಪವನ್ನು ಶಸ್ತ್ರಚಿಕಿತ್ಸಕರ ಮುಂದಿಡಿ.